ಆಟದ ಕಾವಲುಗಾರ್ತಿಗೆ ಅಕ್ಕನ ದನಿ

ನನ್ನ ಅಕ್ಕನಿಗೆ ಆರು ವರ್ಷ ತುಂಬುವವರೆಗೆ ಕಿವಿ ಕೇಳುತ್ತಿತ್ತು. ಗದಗ ಬೇರೆ ಜಿಲ್ಲೆಯಾದ ವರ್ಷವೇ ಅವಳಿಗೆ ಮಿದುಳು ಜ್ವರ ಬಂತು. ಅಪ್ಪ ಅವಳನ್ನು ಹೊದಿಕೆಯಲ್ಲಿ ಸುತ್ತಿಕೊಂಡು ಹುಬ್ಬಳ್ಳಿಗೆ ಒಯ್ದ. ಹದಿನೆಂಟು ದಿನದ ಮೇಲೆ ಜ್ವರ ಬಿಟ್ಟು ಬೆಟಗೇರಿಯ ಮನೆಗೆ ಬಂದಾಗ ಅವಳು ಮಗ್ಗದ ಮುಂದೆ ನಿಂತು, "ಅಪ್ಪಾ, ಮಗ್ಗ ಯಾಕ ಸುಮ್ಮನ ಐತಿ?" ಅಂತ ಕೇಳಿದಳಂತೆ. ಅಪ್ಪ ಆಗ ಮಗ್ಗದಲ್ಲಿ ಕೂತು ಲಾಳಿ ಓಡಿಸುತ್ತಲೇ ಇದ್ದ. ನಾನು ಎರಡು ವರ್ಷದವನು. ಅವ್ವ ಹೇಳಿ ಹೇಳಿ ಇದು ನಾನೇ ಕಂಡದ್ದೇನೋ ಅನ್ನುವ ಹಾಗೆ ಆಗಿದೆ.

ಕಿವಿ ಹೋದರೂ ಅಕ್ಕನ ಮಾತು ಹೋಗಲಿಲ್ಲ. ಎದುರಿನವರ ತುಟಿ ನೋಡಿ ಅವರ ಮಾತು ತಿಳಿದುಕೊಳ್ಳುವುದನ್ನು ಅವಳು ತಾನಾಗಿಯೇ ಕಲಿತಳು. ಆದರೆ ತನ್ನ ಮಾತು ತನಗೇ ಕೇಳದೆ ವರ್ಷಗಳು ಕಳೆದಂತೆ ಅವಳ ದನಿ ಸವೆಯುತ್ತ ಹೋಯಿತು. ಸಿಟ್ಟಿಗೂ ಅದೇ ದನಿ, ಸಂತೋಷಕ್ಕೂ ಅದೇ ದನಿ. ಪ್ರಶ್ನೆ ಕೇಳಿದರೆ ಅದು ಪ್ರಶ್ನೆ ಅಂತ ಅವಳ ಹುಬ್ಬು ನೋಡಿ ತಿಳಿದುಕೊಳ್ಳಬೇಕು. ಇನ್ನೊಂದು ವಿಚಿತ್ರವೆಂದರೆ, ಜ್ವರಕ್ಕಿಂತ ಮೊದಲು ಕಲಿತ ಮಾತೆಲ್ಲ ಬೆಟಗೇರಿಯವು, ಆಮೇಲೆ ಕಲಿತವೆಲ್ಲ ಪುಸ್ತಕದವು, ಪೇಪರಿನವು. "ಅವ್ವಾ, ಹಸಿವ್ಯಾಗೇತಿ" ಅನ್ನುವವಳೇ "ಇವತ್ತು ವಿದ್ಯುತ್ ವ್ಯತ್ಯಯ ಐತಿ" ಅನ್ನುತ್ತಿದ್ದಳು. ಓಣಿಯ ಹೆಂಗಸರು ಸೆರಗು ಬಾಯಿಗೆ ಹಿಡಿದು ನಗುತ್ತಿದ್ದರು. ಕೆಟ್ಟ ಮನಸ್ಸಿನಿಂದೇನೂ ಅಲ್ಲ, ಆದರೂ ಅದು ನಗುವೇ.

ಹೊರಗೆ ಹೋದಾಗ ಅವಳು ಮಾತಾಡುವುದು ನಿಂತದ್ದು ಮುಂಡರಗಿಗೆ ಹೋಗುವ ಬಸ್ಸಿನಲ್ಲಿ. ಅವಳಿಗಾಗ ಹದಿಮೂರೋ ಹದಿನಾಲ್ಕೋ. ಚಿಗವ್ವನ ಮನೆಗೆ ಹೊರಟಿದ್ದೆವು. ತುಂಬಿದ ಬಸ್ಸಿನಲ್ಲಿ ಅಕ್ಕ, "ಅವ್ವಾ, ಹೊಟ್ಟಿ ಭಾಳ ನೋಯಾಕತ್ತೇತಿ, ಲಂಗಕ್ಕ ಹತ್ತೇತೇನು ನೋಡು" ಅಂದುಬಿಟ್ಟಳು. ತಾನು ಪಿಸುಗುಟ್ಟಿದೆ ಅಂತಲೇ ಅವಳ ತಿಳುವಳಿಕೆ. ಕಂಡಕ್ಟರನವರೆಗೆ ಎಲ್ಲರೂ ತಿರುಗಿ ನೋಡಿದರು. ಅಷ್ಟು ಮುಖಗಳು ಒಮ್ಮೆಗೇ ತನ್ನ ಕಡೆ ತಿರುಗಿದ್ದನ್ನು ನೋಡಿ ಅಕ್ಕನಿಗೆ ತಿಳಿಯಿತು. ಅವ್ವ ಅವಳ ಮೊಣಕಾಲನ್ನು ಗಟ್ಟಿಯಾಗಿ ಒತ್ತಿದಳು. ಅಂದಿನಿಂದ ನಾಲ್ಕು ಜನ ಸೇರಿದ ಕಡೆ ಅವ್ವನ ಕೈ ಅಕ್ಕನ ಮೊಣಕಾಲಿನ ಮೇಲೆಯೇ ಇರುತ್ತಿತ್ತು. ಒತ್ತುವ ಪ್ರಸಂಗವೂ ಬರಲಿಲ್ಲ. ಅಕ್ಕ ಬಾಯಿಯನ್ನೇ ಬಿಡುತ್ತಿರಲಿಲ್ಲ.

ಏಳನೆಯ ಇಯತ್ತೆಗೆ ಶಾಲೆ ಬಿಡಿಸಿದರು. ಅಪ್ಪ ಮಗ್ಗ ತೆಗೆದು ಗದಗಿನ ಬಟ್ಟೆ ಅಂಗಡಿಗೆ ಕೆಲಸಕ್ಕೆ ಹೋಗತೊಡಗಿದ. ಅಕ್ಕ ಮನೆಯಲ್ಲೇ ಕೂತು ಸೀರೆಯ ಸೆರಗಿಗೆ ಕುಚ್ಚು ಕಟ್ಟುತ್ತಿದ್ದಳು. ಕೈ ಬಹಳ ಚುರುಕು. ಸೀರೆ ಕೊಡಲು ಬಂದವರಿಗೆ ಯಾವ ಕುಚ್ಚು, ಯಾವ ಬಣ್ಣ ಅಂತ ಕೈಸನ್ನೆಯಲ್ಲೇ ಕೇಳಿ ಮುಗಿಸುತ್ತಿದ್ದಳು.

ನಾನು ಡಿಗ್ರಿ ಅರ್ಧಕ್ಕೆ ಬಿಟ್ಟು ಗದಗಿನ ಒಂದು ಫೋಟೋ ಸ್ಟುಡಿಯೋ ಸೇರಿಕೊಂಡೆ. ಮದುವೆ ವೀಡಿಯೋಗಳನ್ನು ಎಡಿಟ್ ಮಾಡುವುದು ನನ್ನ ಕೆಲಸ. ಸ್ಟುಡಿಯೋದ ಮಾಲಕರು ಲಕ್ಷ್ಮೇಶ್ವರದವರು, ದಿನಾ ಬಸ್ಸಿಗೆ ಬಂದು ಹೋಗುವವರು. ನಾವೆಲ್ಲ ಅವರನ್ನು ಚಾಚಾ ಅನ್ನುತ್ತಿದ್ದೆವು. ಬಿಡುವಿನಲ್ಲಿ ನನಗಿದ್ದ ಹುಚ್ಚು ಕಂಪ್ಯೂಟರ್ ಆಟಗಳದ್ದು. ಕಂಪನಿಯವರು ಮಾಡಿದ ಆಟದೊಳಗೆ ಆಡುವವರೇ ತಮಗೆ ಬೇಕಾದ ಊರು, ವೇಷ, ಮಾತು ಸೇರಿಸಿ ಹಂಚುವುದುಂಟು. ಅದಕ್ಕೆ ಮಾಡ್ ಅನ್ನುತ್ತಾರೆ. ಫೋನಿನಲ್ಲಿ ಗುರುತಾದ ನಾಲ್ಕೈದು ಹುಡುಗರು ಸೇರಿ ಒಂದು ಆಟವನ್ನು ಕನ್ನಡಕ್ಕೆ ತರಲು ಹೊರಟಿದ್ದೆವು. ದಾವಣಗೆರೆಯ ಒಬ್ಬ ನಮಗೆಲ್ಲ ಮುಂದಾಳು. ಆಟದಲ್ಲಿ ಜನ ಬಿಟ್ಟುಹೋದ ಒಂದು ಗಣಿಯ ಪಟ್ಟಣ, ಅದರ ಬಾಗಿಲುಗಳನ್ನು ಕಾಯುವ ಒಬ್ಬಳು ರೋಬೋಟ್ ಹೆಂಗಸು. ಅವಳ ಮಾತುಗಳನ್ನು ರೆಕಾರ್ಡ್ ಮಾಡಿ ಎಡಿಟ್ ಮಾಡುವ ಕೆಲಸ ನನ್ನ ಪಾಲಿಗೆ ಬಂತು. ಒಟ್ಟು ಇನ್ನೂರ ಹನ್ನೊಂದು ಮಾತು.

ಮೊದಲು ನನ್ನ ದನಿಯಲ್ಲೇ ಮಾಡಿದೆ. ಚಾಚಾನ ಹಳೆಯ ಮೈಕು ತಂದು, ಸದ್ದು ತಡೆಯಲೆಂದು ಹಗ್ಗಕ್ಕೆ ಎರಡು ದಪ್ಪ ಕೌದಿ ತೂಗುಬಿಟ್ಟು ಅದರ ನಡುವೆ ಕೂತೆ. ಪಕ್ಕದ ಮನೆಯ ಪವರ್‌ಲೂಮುಗಳು ಮಧ್ಯಾಹ್ನ ಊಟಕ್ಕೆ ನಿಂತಾಗ ಮಾತ್ರ ರೆಕಾರ್ಡಿಂಗ್ ಆಗುತ್ತಿತ್ತು. ಆಮೇಲೆ ದನಿಯನ್ನು ತೆಳ್ಳಗೆ ಮಾಡಿದೆ, ಅದರ ಮೇಲೆ ಅದೇ ದನಿಯನ್ನು ಕೂದಲೆಳೆಯಷ್ಟು ಸರಿಸಿ ಹೊಂದಿಸಿದೆ, ಡಬ್ಬಿಯೊಳಗಿಂದ ಬಂದಂತೆ ಮಾಡಿದೆ. ಎಷ್ಟು ಮಾಡಿದರೂ ಗದಗಿನ ಹುಡುಗನೊಬ್ಬ ಡಬ್ಬಿಯೊಳಗೆ ಕೂತು ಮಾತಾಡಿದಂತೆಯೇ ಕೇಳುತ್ತಿತ್ತು. ನಮ್ಮ ಕಡೆಯ ಮಾತಿಗೆ ಒಂದು ರಾಗ ಇದೆಯಲ್ಲ, ಅದು ಯಾವ ಎಡಿಟಿಂಗಿಗೂ ಬಗ್ಗಲಿಲ್ಲ. ಚಾಚಾ ಹೆಡ್‌ಫೋನ್ ಹಾಕಿಕೊಂಡು ಕೇಳಿ ನಕ್ಕರು.

"ಬೇಟಾ, ಇಂವ ರೋಬೋಟ್ ಅಲ್ಲ. ಸಂತಿಗೆ ಹೊಂಟಾನ."

ಹೀಗೆ ಹದಿನೈದು ದಿನ ಹೋದವು. ಒಂದು ಮಧ್ಯಾಹ್ನ ಕೌದಿಗಳ ನಡುವೆ ಕೂತು ಒಂದೇ ಮಾತನ್ನು ಹತ್ತನೆಯ ಸಲ ಹೇಳುತ್ತಿದ್ದೆ. ಅಕ್ಕ ಕೌದಿ ಸರಿಸಿ, "ಊಟಕ್ಕ ಬಾ. ರೊಟ್ಟಿ ಆರಾಕತ್ತೇತಿ" ಅಂದು ಹೋದಳು. ಊಟ ಮಾಡಿ ಬಂದು ಆ ತುಣುಕನ್ನು ಕತ್ತರಿಸಲು ಹೆಡ್‌ಫೋನ್ ಹಾಕಿಕೊಂಡೆ. ನಾನು ಹುಟ್ಟಿದಾಗಿನಿಂದ ಕೇಳಿದ ದನಿ ಅದು. ಆದರೆ ಮುಖವಿಲ್ಲದೆ, ಕಣ್ಣಿಲ್ಲದೆ, ಬರೀ ದನಿಯಾಗಿ ನಾನು ಅದನ್ನು ಅಂದೇ ಮೊದಲು ಕೇಳಿದ್ದು. ನಾನು ಹುಡುಕುತ್ತಿದ್ದ ದನಿ ಅದೇ ಆಗಿತ್ತು. ಏನೂ ಎಡಿಟ್ ಮಾಡಬೇಕಾಗಿಯೇ ಇರಲಿಲ್ಲ.

ಎರಡು ದಿನ ಸುಮ್ಮನಿದ್ದೆ. ಮನಸ್ಸಿನಲ್ಲಿ ಇದು ಸರಿಯಲ್ಲ ಅನ್ನಿಸಿದ್ದು ಖರೆ. ಸರಿಯಲ್ಲ ಅನ್ನಿಸಿದರೂ ಮಾಡಿದೆ. ಮೂರನೆಯ ದಿನ ಅಕ್ಕನ ಎದುರು ಕೂತು, "ಅಕ್ಕಾ, ನಮ್ಮ ಆಟದಾಗ ಒಂದು ಪಾತ್ರ ಐತಿ. ಅದಕ್ಕ ನೀ ಮಾತು ಕೊಡ್ತೀ?" ಅಂದೆ.

ಅವಳು ನನ್ನ ತುಟಿಯನ್ನೇ ನೋಡಿದಳು. ತಪ್ಪು ಓದಿದೆನೋ ಅಂತ ಇನ್ನೊಮ್ಮೆ ಹೇಳಿಸಿದಳು.

"ನಾನಾ? ಮಾತಾ?"

"ಹೂಂ. ನೀನ."

"ಯಾವ ಪಾತ್ರ?"

"ಒಬ್ಬಾಕಿ ಕಾವಲುಗಾರ್ತಿ. ಊರ ಬಾಗಲಾ ಕಾಯಾಕಿ."

ರೋಬೋಟ್ ಅನ್ನುವ ಒಂದು ಶಬ್ದವನ್ನು ನಾನು ನುಂಗಿಕೊಂಡೆ. ಕಾವಲುಗಾರ್ತಿ ಅಂದದ್ದು ಸುಳ್ಳೇನಲ್ಲವಲ್ಲ ಅಂತ ಆಗ ನನಗೆ ನಾನೇ ಹೇಳಿಕೊಂಡೆ.

ಅವ್ವನಿಗೆ ಇದು ಸೇರಲಿಲ್ಲ. "ಆಕಿ ಮಾತು ಮಂದಿ ಕೇಳೂದು ಬ್ಯಾಡೋ. ಮನ್ಯಾಗ ಇರಲಿ" ಅಂದಳು. ಅಕ್ಕ ಅವ್ವನ ತುಟಿ ನೋಡಿ, "ನಾ ಮಾಡ್ತೀನಿ" ಅಂದಳು. ಅವಳು ಅವ್ವನಿಗೆ ಎದುರು ಮಾತಾಡಿದ್ದನ್ನು ನಾನು ಅದಕ್ಕೂ ಮೊದಲು ಕೇಳಿರಲಿಲ್ಲ.

ರೆಕಾರ್ಡಿಂಗ್ ಇಪ್ಪತ್ತು ದಿನ ನಡೆಯಿತು. ಪಕ್ಕದ ಮನೆಯ ಪವರ್‌ಲೂಮ್ ನಿಂತದ್ದು ಅಕ್ಕನಿಗೆ ನೆಲದಿಂದಲೇ ಗೊತ್ತಾಗುತ್ತಿತ್ತು. ಬರಿಗಾಲಿನಲ್ಲಿ ನಿಂತು, "ನಿಂತ್ವು, ಬಾ" ಅಂತ ನನ್ನನ್ನೇ ಕರೆಯುತ್ತಿದ್ದಳು. ಕಂಪ್ಯೂಟರಿನ ಪರದೆಯ ಮೇಲೆ ದನಿ ಎಷ್ಟು ಜೋರಿದೆ ಅಂತ ತೋರಿಸುವ ಒಂದು ಪಟ್ಟಿ ಇರುತ್ತದೆ. ಮೆಲ್ಲಗಿದ್ದರೆ ಹಸಿರು, ಜೋರಾದರೆ ಹಳದಿ, ಅತಿಯಾದರೆ ಕೆಂಪು. ಮೊದಲನೆಯ ದಿನ ಅಕ್ಕ ಬಾಯಿ ತೆರೆದ ಕೂಡಲೇ ಪಟ್ಟಿ ಕೆಂಪಗಾಯಿತು. ಏನದು ಅಂತ ಕೇಳಿದಳು. ಹೇಳಿದೆ. ಅವಳು ಪರದೆಗೆ ಇನ್ನೂ ಹತ್ತಿರ ಸರಿದು ಕೂತಳು. ಆಮೇಲೆ "ಅ" ಅಂದಳು. ಹಸಿರು. "ಆ" ಅಂದಳು. ಹಳದಿ. ಮತ್ತೆ ತಗ್ಗಿಸಿ, ಇನ್ನೂ ತಗ್ಗಿಸಿ, ಹಸಿರಿನ ತುದಿ ಅಲುಗಾಡುವಷ್ಟು ಮೆಲ್ಲಗೆ ಏನೋ ಹೇಳಿ ನನ್ನ ಕಡೆ ತಿರುಗಿದಳು.

"ಇದು ಪಿಸುಮಾತಾ?"

ನಾನು ಹೌದೆಂದು ತಲೆಯಾಡಿಸಿದೆ. ಇಪ್ಪತ್ತೆಂಟು ವರ್ಷದ ಹೆಂಗಸು, ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ನಕ್ಕಳು.

ಅಂದಿನಿಂದ ನಾನು ಸ್ಟುಡಿಯೋಕ್ಕೆ ಹೋದಾಗಲೂ ಅವಳು ಆ ಪಟ್ಟಿಯ ಮುಂದೆ ಕೂತು ಮಾತಾಡುತ್ತಿದ್ದಳು ಅಂತ ಅವ್ವ ಹೇಳುತ್ತಿದ್ದಳು. ಪೇಪರ್ ಓದುವಳಂತೆ, ಓಣಿಯವರ ಹೆಸರು ಕರೆಯುವಳಂತೆ. ಆಟದ ಮಾತುಗಳನ್ನು ನಾನು ಹಾಳೆಯಲ್ಲಿ ಬರೆದುಕೊಟ್ಟಿದ್ದೆ. "ನಿಲ್ಲು. ಮುಂದೆ ದಾರಿ ಇಲ್ಲ." "ನಿನ್ನ ಹೆಸರು ಹೇಳು." "ಎಚ್ಚರಿಕೆ. ಬಾಗಿಲು ಮುಚ್ಚುತ್ತಿದೆ." ಎಲ್ಲ ಪುಸ್ತಕದ ಭಾಷೆ. ಅವಳ ನಾಲಿಗೆಗೆ ಸರಾಗ. "ನನಗೆ ನಿನ್ನ ಹೆಜ್ಜೆಯ ಸಪ್ಪಳ ಕೇಳಿಸುತ್ತಿದೆ" ಅನ್ನುವ ಒಂದು ಮಾತಿತ್ತು. ಅಕ್ಕ ಅದನ್ನು ಓದಿ, ಹಾಳೆಯನ್ನು ನನ್ನ ಮುಖದ ಮುಂದೆ ಹಿಡಿದು, "ಇದನ್ನ ನಾ ಹೇಳ್ಬೇಕಾ?" ಅಂತ ನಕ್ಕಳು. ಬೇಡ ಬಿಡು, ಬದಲಿಸೋಣ ಅಂದೆ. "ಯಾಕ? ಹೇಳ್ತೀನಿ" ಅಂದು ಒಂದೇ ಸಲಕ್ಕೆ ಹೇಳಿ ಮುಗಿಸಿದಳು.

ಕಾವಲುಗಾರ್ತಿ ಹೇಗಿದ್ದಾಳೆ, ಚಿತ್ರ ತೋರಿಸು ಅಂತ ಎರಡು ಮೂರು ಸಲ ಕೇಳಿದಳು. ಇನ್ನೂ ಚಿತ್ರ ಆಗಿಲ್ಲ ಅಂದೆ. ಊರ ಬಾಗಿಲಿನ ಚಿತ್ರವನ್ನಷ್ಟೇ ತೋರಿಸಿದೆ.

ಫೈಲುಗಳನ್ನು ಗುಂಪಿಗೆ ಕಳಿಸಿದಾಗ ಎಲ್ಲರೂ ದಂಗಾದರು. ನಾನು ಮಾಡಿದ ಎಡಿಟಿಂಗ್ ಬಹಳ ಕಡಿಮೆ. ಉಸಿರಿನ ಸದ್ದು ತೆಗೆದಿದ್ದೆ. ಒಂದಿಷ್ಟು ಲೋಹದ ಗುಂಯ್ ಸೇರಿಸಿದ್ದೆ. ಆ ಉಸಿರು ತೆಗೆಯುವಾಗ ಮಾತ್ರ ಕೈ ಹಿಂದೆಮುಂದೆ ನೋಡಿತ್ತು. ದನಿಯಲ್ಲಿ ಮನುಷ್ಯರ ಗುರುತು ಉಳಿದದ್ದು ಅದೊಂದರಲ್ಲೇ. ದಾವಣಗೆರೆಯವನು ಫೋನ್ ಮಾಡಿ, "ಅಣ್ಣಾ, ಯಾವ ಸಾಫ್ಟ್‌ವೇರ್ ಇದು? ಜೀವಾನೇ ಇಲ್ಲ ದನೀಲಿ, ಸೂಪರ್" ಅಂದ. ನಾನು ಬಾಯಿಗೆ ಬಂದ ಯಾವುದೋ ಹೆಸರು ಹೇಳಿದೆ. ಅಕ್ಕ ಅನ್ನಬಹುದಿತ್ತು. ಅನ್ನಲಿಲ್ಲ. ಜೀವವಿಲ್ಲ ಅಂತ ಅವನು ಅಂದಮೇಲೆ ಅದು ನನ್ನ ಅಕ್ಕ ಅನ್ನಲು ನಾಲಿಗೆ ಏಳಲಿಲ್ಲ.

ಮಾಡ್ ಬಿಟ್ಟ ಮೇಲೆ ಅದು ನಾವು ಅಂದುಕೊಂಡದ್ದಕ್ಕಿಂತ ಹೆಚ್ಚು ಓಡಿತು. ಆಡುವವರು ವೀಡಿಯೋ ಮಾಡಿ ಹಾಕಿದರು. ಕೆಳಗೆಲ್ಲ ಆ ದನಿಯದೇ ಮಾತು. ಹೆಣ ಮಾತಾಡಿದಂಗೈತಿ ಅಂತ ಒಬ್ಬ. ನಿಜವಾದ ಯಂತ್ರ ಅಂದರೆ ಇದು ಅಂತ ಇನ್ನೊಬ್ಬ. ಎಲ್ಲ ಹೊಗಳಿಕೆಯೇ. ಒಂದೂ ಅಕ್ಕನಿಗೆ ತೋರಿಸುವಂಥದ್ದಲ್ಲ.

"ಮಂದಿ ಏನಂದ್ರು?" ಅಂತ ಅವಳು ದಿನಾ ಕೇಳುತ್ತಿದ್ದಳು.

"ಭಾಳ ಚಲೋ ಆಗೇತಿ ಅಂದಾರ."

"ದನಿಗೆ ಏನಂದ್ರು?"

"ದನೀನ ಚಲೋ ಆಗೇತಿ ಅಂದಾರ."

ಸೂಪರ್ ಅಂತಷ್ಟೇ ಇದ್ದ ಸಾಲುಗಳನ್ನು ಹುಡುಕಿ ತೋರಿಸುತ್ತಿದ್ದೆ. ಅವಳು ಅಂಥವನ್ನು ಎರಡೆರಡು ಸಲ ಓದುತ್ತಿದ್ದಳು. ಆ ದಿನಗಳಲ್ಲಿ ಅವಳು ಹೊರಗೂ ಮಾತಾಡತೊಡಗಿದಳು. ಕಿರಾಣಿ ಅಂಗಡಿಗೆ ಹೋಗಿ ತಾನೇ ಬಾಯಿಬಿಟ್ಟು ಸಾಮಾನು ಕೇಳಿದಳು. ಕುಚ್ಚು ಕಟ್ಟಿಸಲು ಬಂದ ಹೆಂಗಸಿಗೆ ಈ ಬಣ್ಣ ನಿಮ್ಮ ಸೀರೆಗೆ ಒಪ್ಪುವುದಿಲ್ಲ ಅಂತ ಹೇಳಿದಳು. ಪಟ್ಟಿಯ ಮುಂದೆ ಕೂತು ಕೂತು ದನಿ ಹದಕ್ಕೆ ಬಂದಿತ್ತು, ಜೋರಿರಲಿಲ್ಲ. ಅವ್ವನೂ ಮೆತ್ತಗಾದಳು. "ಚಲೋ ಆತು ಬಿಡು" ಅಂತ ನನ್ನೆದುರು ಒಮ್ಮೆ ಅಂದಳು. ಅದನ್ನು ಕೇಳಿ ನನಗೆ ಹೆದರಿಕೆಯಾಯಿತು.

ಶಿರಹಟ್ಟಿಯಲ್ಲಿ ಮಾವನ ದೊಡ್ಡ ಮಗನ ನಿಶ್ಚಯ ಇತ್ತು. ಎಲ್ಲರೂ ಹೋದೆವು. ಅಕ್ಕ ಹೆಂಗಸರ ನಡುವೆ ಕೂತು ಮಾತಾಡುತ್ತಿದ್ದಳು, ನಾನು ಗಂಡಸರ ಕಡೆ ಇದ್ದೆ. ಮಾವನ ಮಗಳು ಗದಗಿನಲ್ಲಿ ಕಾಲೇಜಿಗೆ ಹೋಗುವವಳು. ಒಮ್ಮೆಲೇ ಅವಳ ದನಿ ಕೇಳಿತು.

"ಅಯ್ಯ, ಅಕ್ಕಾ, ನಿಮ್ಮ ದನಿ ಥೇಟ್ ಆ ಆಟದಾಗಿನ ರೋಬೋಟ್ ಆದಂಗ ಆತಲ್ರಿ! ಇಲ್ಲಿ ಕೇಳ್ರಿ ಎಲ್ಲಾರೂ!"

ನಾನು ಎದ್ದು ಬಾಗಿಲಿಗೆ ಬರುವಷ್ಟರಲ್ಲಿ ಅವಳು ಫೋನಿನಲ್ಲಿ ವೀಡಿಯೋ ಹಚ್ಚಿಬಿಟ್ಟಿದ್ದಳು. "ನಿಲ್ಲು. ಮುಂದೆ ದಾರಿ ಇಲ್ಲ." ಅಕ್ಕನ ದನಿ ಪಡಸಾಲೆಯ ತುಂಬ ಕೇಳಿತು. ಹೆಂಗಸರು, ಹೌದಲ್ಲ, ಖರೇನ ಅಂತ ನಕ್ಕರು. ಅಕ್ಕನೂ ಎಲ್ಲರ ಮುಖ ನೋಡಿ ಸ್ವಲ್ಪ ನಕ್ಕು, ಏನು ಅಂತ ಫೋನಿಗೆ ಬಗ್ಗಿದಳು. ದನಿ ಅವಳಿಗೆ ಕೇಳುವಂತಿರಲಿಲ್ಲ. ಆದರೆ ಕೆಳಗೆ ಕನ್ನಡದಲ್ಲಿ ಸಾಲುಗಳು ಬರುತ್ತಿದ್ದವು, ಅವಳು ನೂರು ಸಲ ಹೇಳಿದ ಸಾಲುಗಳು. ಮೇಲೆ ಕಬ್ಬಿಣದ ಒಂದು ಆಕಾರ. ಕಣ್ಣಿದ್ದ ಕಡೆ ಎರಡು ದೀಪ, ಬಾಯಿ ಇರಬೇಕಾದ ಕಡೆ ಜಾಲರಿ.

"ಇದು ಏನು?" ಅಂತ ಕೇಳಿದಳು.

ಹುಡುಗಿ ಪಾಪ, ಅಕ್ಕನಿಗೆ ತಿಳಿಯಲೆಂದು ಬಾಯಿ ದೊಡ್ಡದು ಮಾಡಿ ಬಿಡಿಸಿ ಹೇಳಿದಳು. "ರೋ, ಬೋ, ಟ್. ಯಂತ್ರ ರೀ ಅಕ್ಕಾ. ಮಷಿನ್."

ಅಕ್ಕ ತಲೆಯೆತ್ತಿ ನನ್ನನ್ನು ಹುಡುಕಿದಳು. ನಾನು ಬಾಗಿಲಲ್ಲಿದ್ದೆ. ಆಮೇಲೆ ಅವಳು ಫೋನನ್ನು ಹುಡುಗಿಯ ಕೈಗೆ ಕೊಟ್ಟು, "ಚಲೋ ಐತಿ" ಅಂದಳು. ಊಟಕ್ಕೆ ಕೂತಳು, ಹೋಳಿಗೆ ತಿಂದಳು, ಹೊರಡುವಾಗ ಎಲ್ಲರಿಗೂ ಕೈ ಮುಗಿದಳು. ಬಾಯಿ ಮಾತ್ರ ಬಿಡಲಿಲ್ಲ.

ಬಸ್ಸಿನಲ್ಲಿ ಅವಳೇ ನನ್ನನ್ನು ಎಳೆದು ಪಕ್ಕಕ್ಕೆ ಕೂಡಿಸಿಕೊಂಡಳು. ಊರು ದಾಟಿದ ಮೇಲೆ ಕೇಳಿದಳು.

"ನನ್ನ ದನಿ ಖರೇನ ಹಂಗ ಐತೇನು?"

ಮೆಲ್ಲಗೆ ಕೇಳುವುದನ್ನು ಮರೆತಿದ್ದಳು, ಅಥವಾ ಬೇಕೆಂದೇ ಬಿಟ್ಟಿದ್ದಳು. ಮುಂದಿನ ಸೀಟಿನವರು ತಿರುಗಿದರು. ನಾನು "ಇಲ್ಲ" ಅಂದೆ.

"ಸುಳ್ಳು ಹೇಳುವಾಗ ನೀ ತುಟಿ ಸಣ್ಣ ಮಾಡ್ತಿ. ಸಣ್ಣಾಂವ ಇದ್ದಾಗಿಂದ."

ಫೋನ್ ತೆಗೆದು ಬರೆದೆ. ನೀನು ಮಾತಾಡುವುದು ಸಪಾಟಾಗಿದೆ, ಏರಿಳಿತ ಇಲ್ಲ, ಕಿವಿ ಕೇಳದವರದ್ದು ಹಾಗಾಗುತ್ತದೆ, ತಪ್ಪಲ್ಲ. ಅವಳು ಓದಿದಳು.

"ಏರಿಳಿತ ಅಂದ್ರ?"

ಆರು ವರ್ಷಕ್ಕೆ ಕಿವಿ ಹೋದವಳಿಗೆ ಅದನ್ನು ಹೇಗೆ ಹೇಳುವುದು? ನಾನು ಕೈಯನ್ನು ಗುಡ್ಡದಂತೆ ಏರಿಸಿ ಇಳಿಸಿ ತೋರಿಸಿದೆ. ಮಾತಿನೊಳಗೆ ಗುಡ್ಡ ಎಲ್ಲಿಂದ ಬಂತು ಅನ್ನುವಂತೆ ಅವಳು ನನ್ನ ಕೈಯನ್ನು ನೋಡಿದಳು. ಇನ್ನೊಮ್ಮೆ ತೋರಿಸಿದೆ. ಅವಳು ಕಿಟಕಿಯ ಕಡೆ ತಿರುಗಿದಳು. ತುಟಿ ನೋಡದಿದ್ದರೆ ಅವಳ ಜತೆ ಮಾತು ಮುಗಿದಂತೆಯೇ. ಗದಗ ಬರುವವರೆಗೆ ಅವಳು ತಿರುಗಲಿಲ್ಲ.

ಮರುದಿನವೇ ದಾವಣಗೆರೆಯವನಿಗೆ ಫೋನ್ ಮಾಡಿ ಆ ದನಿ ತೆಗೆಯಬೇಕು ಅಂದೆ. ಕಾರಣವನ್ನೂ ಹೇಳಿದೆ. ಅವನು, "ಮೊದಲೇ ಹೇಳಬಾರದಿತ್ತಾ ಅಣ್ಣಾ" ಅಂದ. ಅಂದೇ ತೆಗೆದ. ಎರಡು ದಿನಕ್ಕೆ ಇನ್ಯಾರೋ ಅದನ್ನು ಬೇರೆ ಕಡೆ ಹಾಕಿದರು. ಅವರಿಗೆ ಬರೆದೆ, ಉತ್ತರ ಬರಲಿಲ್ಲ. ಆಮೇಲೆ ಮೂರು ಕಡೆ ಸಿಕ್ಕಿತು. ಯಾರೋ ಅಕ್ಕನ ಮಾತುಗಳನ್ನು ತುಂಡು ಮಾಡಿ, ಒಂದರ ಬಾಲಕ್ಕೆ ಇನ್ನೊಂದನ್ನು ಅಂಟಿಸಿ ನಗೆಯ ವೀಡಿಯೋ ಮಾಡಿದ್ದರು. ಅವಳು ಎಂದೂ ಆಡದ ಮಾತುಗಳು ಅವಳ ದನಿಯಲ್ಲಿ. ಮಾಡಿದ ಕೈಚಳಕ ನನಗೆ ಗೊತ್ತಿದ್ದದ್ದೇ. ಎಲ್ಲಿ ಕತ್ತರಿಸಿದ್ದಾರೆ ಅಂತ ಬೆರಳಿಟ್ಟು ತೋರಿಸಬಲ್ಲೆ. ಅದರಿಂದ ಏನು ಬಂತು? ದೂರು ಕೊಡುವ ಗುಂಡಿ ಒತ್ತಿದೆ, ಒತ್ತುತ್ತಲೇ ಹೋದೆ.

ಸ್ಟುಡಿಯೋದಲ್ಲಿ ನನ್ನ ಮುಖ ನೋಡಿ ಚಾಚಾ ಕೇಳಿದರು. ಎಲ್ಲ ಹೇಳಿದೆ.

"ಈಗ ಅಳಸಾಕ ಬರೂದಿಲ್ಲ ಬೇಟಾ. ಮದ್ಲ ಹೇಳಾಕ ಬರ್ತಿತ್ತು," ಅಂದರು. ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು.

ಮನೆಯಲ್ಲಿ ಅಕ್ಕ ಕುಚ್ಚು ಕಟ್ಟುತ್ತಿದ್ದಳು. ಕೌದಿಗಳನ್ನು ಅವಳೇ ಬಿಚ್ಚಿ ಮಡಚಿಟ್ಟಿದ್ದಳು. ಅಂಗಡಿಗೆ ಹೋಗುವುದಾದರೆ ಸಾಮಾನಿನ ಚೀಟಿ ಬರೆದುಕೊಂಡು ಹೋಗುತ್ತಿದ್ದಳು. ವಾರದ ಮೇಲೆ ಒಂದು ದಿನ ನಾನು ಕಂಪ್ಯೂಟರ್ ಮುಂದೆ ಕೂತು ಇನ್ನೊಬ್ಬ ಅಪರಿಚಿತನಿಗೆ ಬರೆಯುತ್ತಿದ್ದೆ. ದಯವಿಟ್ಟು ತೆಗೆಯಿರಿ, ಇದು ನನ್ನ ಅಕ್ಕನ ದನಿ. ಹಿಂದೆ ಬಂದು ನಿಂತ ಅಕ್ಕ ಅದನ್ನು ಓದಿದಳು.

"ಯಾಕ ತಗಸ್ತಿ?"

ನಾನು ತಿರುಗಿದೆ. ಅವಳ ದನಿ ಎಂದಿನಂತೆಯೇ ಇತ್ತು. ಕಣ್ಣು ಉರಿಯುತ್ತಿತ್ತು.

"ಇಪ್ಪತ್ತು ದಿನ ಕುಂತು ಹೇಳೀನಿ. ನನ್ನ ಕೆಲಸ ಅದು. ಯಂತ್ರ ಅಂತ ನೀ ಹೇಳಲಿಲ್ಲ. ಅದು ನಿನ್ನ ತಪ್ಪು. ನನ್ನ ದನಿ ತಪ್ಪಲ್ಲ. ನೀ ಅದನ್ನ ತಗದ್ರ ನನ್ನ ದನಿನ ತಪ್ಪು ಅಂದಂಗ ಆತು."

"ಮತ್ತ ಏನ್ ಮಾಡ್ಲಿ ಅಕ್ಕಾ?"

"ನನ್ನ ಹೆಸರು ಹಾಕು."

ಗುಂಪಿನವರು ಒಪ್ಪಿದರು. ಹೊಸದಾಗಿ ಮಾಡ್ ಹಾಕಿ, ಕಾವಲುಗಾರ್ತಿಯ ದನಿ ಅಂತ ಬರೆದು ಎದುರಿಗೆ ಅಕ್ಕನ ಹೆಸರು ಹಾಕಿದರು. ನಾನು ತೋರಿಸಿದೆ. ಅವಳು ತನ್ನ ಹೆಸರಿನ ಮೇಲೆ ಬೆರಳಾಡಿಸಿ, ಆತು ಅಂದಳು. ನಾಲ್ಕು ದಿನಕ್ಕೆ ಅದರ ಕೆಳಗೆ ಒಬ್ಬ ಕೇಳಿದ್ದ, ಇದು ಹೊಸ ಸಾಫ್ಟ್‌ವೇರಿನ ಹೆಸರಾ, ಎಲ್ಲಿ ಸಿಗುತ್ತದೆ ಅಂತ. ನಾನು ಉತ್ತರ ಬರೆಯಲು ಕೂತೆ. ಎರಡು ಸಲ ಬರೆದು ಅಳಿಸಿದೆ. ಮೂರನೆಯ ಸಲ, ಇವರು ಮನುಷ್ಯರು, ಬೆಟಗೇರಿಯಲ್ಲಿದ್ದಾರೆ, ನನ್ನ ಅಕ್ಕ ಅಂತ ಬರೆದು ಕಳಿಸಿದೆ. ಅವನು ನಗುವ ಗುರುತೊಂದನ್ನು ಹಾಕಿ ಹೋದ. ತಮಾಷೆ ಅಂದುಕೊಂಡಿರಬೇಕು.

ಆಮೇಲೆ ಕೆಲವು ತಿಂಗಳು ಕಳೆದು, ಯಾರೂ ಆ ಮಾತೆತ್ತದೆ ಇದ್ದಾಗ, ಅಕ್ಕ ನನ್ನ ಮುಂದೆ ಬಂದು, "ನಾ ಒಮ್ಮಿ ನನ್ನ ಆ ದನಿ ಕೇಳಬೇಕು" ಅಂದಳು. ಅವ್ವ ಹಣೆ ಒತ್ತಿಕೊಂಡಳು. ಸಣ್ಣವಳಿದ್ದಾಗ ಒಂದು ಕಿವಿಯ ಮಷಿನ್ ಹಾಕಿ ನೋಡಿದ್ದರು, ಉಪಯೋಗವಾಗಿರಲಿಲ್ಲ. ಈಗ ಹೊಸ ತರದವು ಬಂದಿರಬಹುದು ಅಂತ ಅಕ್ಕನೇ ಪೇಪರಿನ ತುಣುಕೊಂದನ್ನು ಇಟ್ಟುಕೊಂಡಿದ್ದಳು. ಇಬ್ಬರೂ ಗದಗಿನಲ್ಲಿ ಕಿವಿ ಪರೀಕ್ಷೆ ಮಾಡುವ ಒಂದು ಕಡೆ ಹೋದೆವು.

ಅಕ್ಕನನ್ನು ಗಾಜಿನ ಕೋಣೆಯಲ್ಲಿ ಕೂಡಿಸಿ ಕಿವಿಗೆ ಹೆಡ್‌ಫೋನ್ ಹಾಕಿದರು. ಸದ್ದು ಕೇಳಿದರೆ ಕೈ ಎತ್ತಬೇಕು. ಪರೀಕ್ಷೆ ಮಾಡುವ ಮೇಡಂ ನನ್ನ ಪಕ್ಕದಲ್ಲಿ ಕೂತು ಗುಂಡಿ ತಿರುಗಿಸುತ್ತಿದ್ದರು. ಸದ್ದು ಎಷ್ಟು ಜೋರಾಯಿತೆಂದರೆ ಹೆಡ್‌ಫೋನಿನಿಂದ ಸೋರಿ, ಗಾಜಿನಾಚೆ ಕೂತ ನನಗೂ ಸಣ್ಣಗೆ ಕೇಳಿತು. ಅಕ್ಕ ನಮ್ಮಿಬ್ಬರ ಮುಖವನ್ನೇ ನೋಡುತ್ತ ಕೂತಿದ್ದಳು. ನನ್ನ ಮುಖದಲ್ಲಿ ಏನು ಕಂಡಳೋ, ಒಂದು ಸಲ ಕೈ ಎತ್ತಿದಳು. ಆಗ ಯಾವ ಸದ್ದೂ ಇರಲಿಲ್ಲ. ಮೇಡಂ ನನಗೆ ಮೆಲ್ಲಗೆ, "ನೀವು ಆ ಕಡಿ ತಿರುಗಿ ಕುಂಡ್ರಿ" ಅಂದರು. ನಾನು ಗೋಡೆಯ ಕಡೆ ತಿರುಗಿ ಕೂತೆ.

ಜ್ವರದಲ್ಲೇ ಒಳಗಿನ ನರ ಹೋಗಿವೆ, ಮಷಿನ್‌ನಿಂದ ಮಾತು ತಿಳಿಯುವುದು ಕಷ್ಟ ಅಂತ ಅವರು ಹೇಳಿದರು. ಆದರೂ ಅಕ್ಕನ ಹಟಕ್ಕೆ ತಮ್ಮಲ್ಲಿದ್ದ ಅತಿ ಜೋರಿನ ಮಷಿನ್ ಒಂದನ್ನು ಅವಳ ಕಿವಿಗೆ ಹಾಕಿ, "ಹಚ್ರಿ, ಕೇಳಲಿ" ಅಂದರು. ನಾನು ಫೋನ್ ತೆಗೆದು ಫೈಲ್ ಹಚ್ಚಿದೆ. ಎಡಿಟ್ ಮಾಡದ್ದು, ಉಸಿರು ಸಮೇತ ಇದ್ದದ್ದು. ಫೋನನ್ನು ಅವಳ ಕಿವಿಯ ಹತ್ತಿರ ಹಿಡಿದೆ. ಅಕ್ಕ ಕಣ್ಣು ಮುಚ್ಚಿಕೊಂಡಳು. ಕಣ್ಣು ಮುಚ್ಚಿದರೆ ಅವಳಿಗೆ ಯಾವ ಮಾತೂ ತಲುಪುವುದಿಲ್ಲ, ಹಾಗಾಗಿ ನಿದ್ದೆಯ ಹೊರತು ಅವಳು ಕಣ್ಣು ಮುಚ್ಚಿದ್ದನ್ನು ನಾನು ಕಂಡಿರಲಿಲ್ಲ.

ಒಂದು ಮುಗಿಯಿತು. ಇನ್ನೊಂದು ಹಚ್ಚಿದೆ. ಹತ್ತು ಹನ್ನೆರಡು ಮಾತು ಆದ ಮೇಲೆ ಅವಳು ಕಣ್ಣು ತೆರೆದಳು.

"ಯಾರೋ ಅದಾರ," ಅಂದಳು. "ದೂರದಾಗ ಯಾರೋ ಅದಾರ. ಏನ್ ಹೇಳಾಕತ್ತಾರ ತಿಳಿವಲ್ದು."

ಮಷಿನ್ ತೆಗೆದು ಮೇಡಂ ಕೈಗೆ ಕೊಟ್ಟು ಕೈಮುಗಿದಳು. ಹೊರಗೆ ಬಂದು ಆಟೋ ಹಿಡಿದೆವು. ಬೆಟಗೇರಿ ಬಂತು.

ನಾನು ಆಟಗಳ ಕೆಲಸ ಬಿಟ್ಟೆ. ಮದುವೆಯ ವೀಡಿಯೋಗಳನ್ನು ಈಗಲೂ ಎಡಿಟ್ ಮಾಡುತ್ತೇನೆ. ಅಕ್ಕ ಮನೆಯಲ್ಲಿ ನಮ್ಮೊಂದಿಗೆ ಮೊದಲಿನಂತೆ ಮಾತಾಡುತ್ತಾಳೆ, ಹೊರಗೆ ಚೀಟಿ ಬರೆಯುತ್ತಾಳೆ. ನನ್ನ ಮೇಲೆ ಸಿಟ್ಟಿದೆಯೋ ಇಲ್ಲವೋ ಅಂತ ಅವಳ ದನಿಯಿಂದ ತಿಳಿಯುವಂತಿಲ್ಲ. ಕೇಳುವ ಧೈರ್ಯ ನನಗೆ ಇನ್ನೂ ಬಂದಿಲ್ಲ.